ಜೌಗು ನೆಲದ ಯುಪಟೋರಿಯಂ ಗಿಡಗಳೂ ಹಾಲಿನ ರೋಗವೂ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗದಲ್ಲಿಯೂ, ಅದಕ್ಕೆ ಹೊಂದಿಕೊಂಡಿರುವ ಕೆನಡಾ ದೇಶದಲ್ಲಿಯೂ ಕೆರೆಯಂಚು, ಹಳ್ಳದ ದಂಡೆ, ನೀರು ಬಸಿಯದ ಹುಲ್ಲುಗಾವಲು ಮೊದಲಾದ ಜೌಗು ನೆಲಗಳು ಹೇರಳವಾಗಿವೆ. ಚಳಿಗಾಲದಲ್ಲಿ ಹಿಮದಡಿಯಲ್ಲಿ ಮುಚ್ಚಿಹೋಗುವ ಈ ನೆಲಗಳಲ್ಲಿ ಬೇಸಗೆಯ ಕೊನೆಗೆ, ಎಂದರೆ ಜುಲೈ ತಿಂಗಳಿಂದ ಸೆಪ್ಟೆಂಬರ್ ತಿಂಗಳವರೆಗೆ, ಆಳೆತ್ತರದ ಗಿಡಗಳು ತಮ್ಮ ತುದಿಗಳಲ್ಲಿ ನಸುಗೆಂಪು ಅಥವಾ ಬಿಳಿಯ ಹೂಗೊಂಚಲುಗಳನ್ನು ಹೊತ್ತು ನಿಲ್ಲುತ್ತವೆ. ಇವುಗಳಲ್ಲಿ ಅನೇಕವು ಸೂರ್ಯಕಾಂತಿ, ಸೇವಂತಿಗೆ, ಹುಚ್ಚೆಳ್ಳು ಇವುಗಳ ಕುಟುಂಬಕ್ಕೆ ಸೇರಿದವು. ಅವುಗಳೊಳಗೂ ಹತ್ತಿರದ ಬಂಧುಗಳಾದ ಒಂದು ಗುಂಪಿಗೆ ಹಿಂದಿನ ಗ್ರಂಥಗಳಲ್ಲಿ ಯುಪಟೋರಿಯಂ ಎಂಬ ಒಂದೇ ಹೆಸರಿತ್ತು. ದೂರದಿಂದ ನೋಡಿದವರಿಗೆ ಇವುಗಳಲ್ಲಿ ಭೇದವೇ ತೋರುವುದಿಲ್ಲ. ಆದರೆ ಒಂದು ಗಿಡವು ಜೇನುಹುಳುಗಳಿಗೆ ಮೇವು. ಮತ್ತೊಂದು ಜ್ವರಕ್ಕೆ ಕಷಾಯ ಕಾಯಿಸುತ್ತಿದ್ದ ಮೂಲಿಕೆ. ಇನ್ನೊಂದಾದರೋ ಹಸುವಿನ ಹಾಲಿನ ಮೂಲಕ ಅನೇಕ ಮನುಷ್ಯರ ಪ್ರಾಣವನ್ನು ತೆಗೆದ ವಿಷ.

ಯುಪಟೋರಿಯಂ ಎಂಬ ಹೆಸರು ಪೂರ್ವಕಾಲದಲ್ಲಿ ಪಾಂಟಸ್ ದೇಶವನ್ನಾಳಿದ ಮಿಥ್ರಿಡೇಟಿಸ್ ಯುಪೇಟರ್ ಎಂಬ ಅರಸನಿಂದ ಬಂದುದು. ವಿಷಗಳನ್ನೂ ಪ್ರತಿವಿಷಗಳನ್ನೂ ಪರೀಕ್ಷಿಸುವುದರಲ್ಲಿ ಆ ಅರಸನು ಹೆಸರಾಗಿದ್ದನು. ವಿಷವೂ ಔಷಧವೂ ಕೂಡಿರುವ ಈ ಬಳಗಕ್ಕೆ ಅವನ ಹೆಸರು ಒಪ್ಪುವಂತೆಯೇ ಇದೆ. ಕರ್ನಾಟಕದ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಜನರು ಕಮ್ಯುನಿಸ್ಟ್ ಕಳೆಯೆಂದು ಕರೆಯುವ ಗಿಡವೂ ಇದೇ ಬಳಗದ್ದಾದುದರಿಂದ, ದೂರದೇಶದ ಈ ವಿಚಾರವು ಇಲ್ಲಿಯ ರೈತರಿಗೂ ಸಂಬಂಧಪಟ್ಟುದೇ ಆಗಿರುತ್ತದೆ.

ಗಿಡಗಳನ್ನು ಹೂವಿನಿಂದ ಗುರುತಿಸುವುದು ಸಾಮಾನ್ಯವಾದ ವಾಡಿಕೆ. ಈ ಬಳಗದಲ್ಲಿ ಆ ವಾಡಿಕೆಯು ಹೆಚ್ಚು ಪ್ರಯೋಜನಕ್ಕೆ ಬಾರದು. ಸೂರ್ಯಕಾಂತಿಯ ಕುಟುಂಬದಲ್ಲಿ ನಾವು ಒಂದು ಹೂವೆಂದು ಭಾವಿಸುವುದು ನಿಜವಾಗಿ ಅನೇಕ ಕಿರುಹೂಗಳ ಒಂದು ಗುಂಪು. ಸೂರ್ಯಕಾಂತಿಯಲ್ಲಿ ನಡುವಿನ ಕಿರುಹೂಗಳು ಕೊಳವೆಯಂತೆಯೂ, ಅಂಚಿನವು ಉದ್ದನೆಯ ಎಸಳಿನಂತೆಯೂ ಇರುತ್ತವೆ. ಕುಸುಬೆಯ ಹೂವನ್ನು ಬಿಡಿಸಿ ನೋಡಿದರೆ ಅಂಚಿನ ಎಸಳುಗಳಿಲ್ಲದೆ ಕೊಳವೆಯಾಕಾರದ ಕಿರುಹೂಗಳು ಮಾತ್ರ ಕಾಣುತ್ತವೆ. ಯುಪಟೋರಿಯಂ ಬಳಗವೂ ಕುಸುಬೆಯಂತೆಯೇ. ಆದರೆ ಅದರ ತಲೆಗಳು ಬಹು ಸಣ್ಣವು, ಮತ್ತು ನೂರಾರು ತಲೆಗಳು ಸೇರಿ ಒಂದು ದೊಡ್ಡ ಗೊಂಚಲಾಗುತ್ತವೆ. ಕಿರುಹೂಗಳಿಂದ ಹೊರಚಾಚುವ ನೂಲಿನಂತಹ ಶಲಾಕೆಗಳ ದೆಸೆಯಿಂದ ಗೊಂಚಲೆಲ್ಲವೂ ಮಂಜು ಕವಿದಂತೆ ತೋರುವುದು. ಬಣ್ಣವಾದರೂ ನೆಲದ ಗುಣ, ಬಿಸಿಲು, ಗಿಡದ ವಯಸ್ಸು ಇವುಗಳಿಗೆ ತಕ್ಕಂತೆ ಬದಲಾಗುತ್ತಿರುತ್ತದೆ. ಆದುದರಿಂದ ಮೊದಲು ನೋಡಬೇಕಾದುದು ಹೂವನ್ನಲ್ಲ. ಎಲೆಯು ದಂಟಿಗೆ ಹೇಗೆ ಕೂಡಿಕೊಂಡಿದೆಯೆಂಬುದನ್ನು.

ಎಲೆಗಳು ದಂಟಿನ ಮೇಲೆ ಮೂರು ಬಗೆಯಾಗಿ ನಿಲ್ಲುತ್ತವೆ. ದಾಸವಾಳದಲ್ಲಿರುವಂತೆ ಗೆಣ್ಣಿಗೆ ಒಂದೊಂದೇ ಎಲೆ ಇರುವುದು ಒಂದು ಬಗೆ. ತುಳಸಿಯಲ್ಲಿಯೂ ಕಾಫಿಯಲ್ಲಿಯೂ ಇರುವಂತೆ ಒಂದು ಗೆಣ್ಣಿನಲ್ಲಿ ಎರಡೆಲೆಗಳು ಎದುರುಬದುರಾಗಿ ನಿಲ್ಲುವುದು ಎರಡನೆಯದು. ಕಣಗಿಲೆಯಲ್ಲಿರುವಂತೆ ಮೂರು ಅಥವಾ ಅದಕ್ಕಿಂತ ಹೆಚ್ಚು ಎಲೆಗಳು ಒಂದೇ ಗೆಣ್ಣಿನ ಸುತ್ತಲೂ ಬಳೆಯಂತೆ ಹೊರಡುವುದು ಮೂರನೆಯದು. ಈ ಭೇದವನ್ನು ಅರಿತವನು ಜೌಗು ನೆಲದಲ್ಲಿ ನಿಂತು ಕೆಲಸದ ಅರ್ಧ ಭಾಗವನ್ನು ಒಂದೇ ನೋಟದಲ್ಲಿ ಮುಗಿಸಬಲ್ಲನು.

ನಸುಗೆಂಪು ಹೂವಿನ ಗಿಡಗಳಿಗೆ ಅಮೆರಿಕದ ಜನರು ಜೋ ಪೈ ಗಿಡಗಳೆಂದು ಹೇಳುವರು. ಜೋ ಪೈ ಎಂಬವನು ಯಾರೆಂಬ ವಿಷಯದಲ್ಲಿ ಬಹುಕಾಲ ಕಟ್ಟುಕಥೆಗಳೇ ಹರಡಿದ್ದವು. ಮೆಸಾಚುಸೆಟ್ಸ್ ಪ್ರಾಂತದ ಸ್ಟಾಕ್‌ಬ್ರಿಜ್ ಎಂಬಲ್ಲಿ ವಾಸವಾಗಿದ್ದ ಮೊಹಿಕನ್ ಜನಾಂಗದ ಮುಖಂಡನಾದ ಜೋಸೆಫ್ ಶಾಕ್ವೆತ್‌ಕ್ವಾಟ್ ಎಂಬಾತನಿಗೆ ಜೋ ಪೈ ಎಂಬ ಹೆಸರಿತ್ತೆಂದು ೨೦೧೭ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಿಂದ ತಿಳಿದುಬಂದಿತು. ಈ ಗಿಡಗಳಿಗೆಲ್ಲ ಎಲೆಗಳು ಬಳೆಯಂತೆ ಸುತ್ತಲೂ ಇರುತ್ತವೆ. ಇದರಿಂದ ಇವನ್ನು ಬಳಗದ ಉಳಿದವುಗಳಿಂದ ಬೇರ್ಪಡಿಸುವುದು ಸುಲಭ; ಈಗಿನ ಸಸ್ಯಶಾಸ್ತ್ರಜ್ಞರು ಇವನ್ನು ಯೂಟ್ರೋಕಿಯಂ ಎಂಬ ಬೇರೆಯ ಹೆಸರಿನಡಿಯಲ್ಲಿಯೇ ಇಟ್ಟಿದ್ದಾರೆ. ಕಷ್ಟವಿರುವುದು ಇವುಗಳನ್ನು ಒಂದರಿಂದೊಂದು ಬಿಡಿಸುವುದರಲ್ಲಿ. ಇದಕ್ಕೆ ಒಂದು ಚಾಕುವಿದ್ದರೆ ಸಾಕು.

ದಂಟನ್ನು ನಡುವೆ ಅಡ್ಡಲಾಗಿ ಕತ್ತರಿಸಿದಾಗ ಅದು ಬಿದಿರಿನ ಕೊಳವೆಯಂತೆ ಪೊಳ್ಳಾಗಿದ್ದರೆ ಅದು ಪೊಳ್ಳುದಂಟಿನ ಜೋ ಪೈ ಎಂಬ ಜಾತಿ. ಇದರ ದಂಟು ಉದ್ದಕ್ಕೂ ನೇರಿಳೆ ಬಣ್ಣದ್ದಾಗಿದ್ದು, ಮೇಲೆ ದ್ರಾಕ್ಷಿಯ ಹಣ್ಣಿನ ಮೇಲಿರುವಂತಹ ತೆಳುವಾದ ಬೂದಿ ಇರುತ್ತದೆ. ಬೆರಳಿನಿಂದ ಒರಸಿದರೆ ಅದು ಹೋಗುವುದು. ಎಲೆಯಂಚಿನ ಹಲ್ಲುಗಳು ಮೊಂಡಾಗಿ ದುಂಡಗಿರುತ್ತವೆ. ಹೂಗೊಂಚಲು ಹುಲ್ಲು ಬಣವೆಯ ತಲೆಯಂತೆ ಗುಮ್ಮಟವಾಗಿ ಏರಿರುವುದು. ಬಳಗದಲ್ಲಿ ಬಹಳ ಎತ್ತರವಾಗಿ ಬೆಳೆಯುವುದು ಇದೇ. ಹದವಾದ ನೆಲದಲ್ಲಿ ಹತ್ತಡಿಯವರೆಗೂ ಏರುವುದುಂಟು.

ದಂಟು ಗಟ್ಟಿಯಾಗಿದ್ದು ಅದರ ಮೇಲೆ ನೇರಿಳೆಯ ಚುಕ್ಕೆಗಳಿದ್ದರೆ ಅದು ಚುಕ್ಕೆಯ ಜೋ ಪೈ. ಕೆಲವು ವೇಳೆ ಚುಕ್ಕೆಗಳೆಲ್ಲ ಕೂಡಿಕೊಂಡು ದಂಟೆಲ್ಲವೂ ನೇರಿಳೆಯಾಗುವುದರಿಂದ ಬಣ್ಣವೊಂದನ್ನೇ ನಂಬಲಾಗದು. ಬುಡದ ಹತ್ತಿರ ಸ್ವಲ್ಪ ಪೊಳ್ಳಾಗಿರುವುದೂ ಉಂಟಾದುದರಿಂದ ದಂಟಿನ ನಡುಭಾಗದಲ್ಲಿಯೇ ಕತ್ತರಿಸಿ ನೋಡಬೇಕು. ಇದರ ಗೊಂಚಲಿನ ಮೇಲ್ಭಾಗವು ಚಪ್ಪಟೆಯಾಗಿರುವುದು. ಸಂದೇಹವು ಉಳಿದರೆ ಒಂದು ಸಣ್ಣ ತಲೆಯನ್ನು ಕಿತ್ತು ಅಂಗೈಯಲ್ಲಿ ಬಿಡಿಸಿ ಕಿರುಹೂಗಳನ್ನು ಎಣಿಸತಕ್ಕದ್ದು. ಚುಕ್ಕೆಯ ಜಾತಿಯಲ್ಲಿ ಅವು ಸಾಧಾರಣವಾಗಿ ೯ರಿಂದ ೨೦ರವರೆಗೆ ಇರುತ್ತವೆ. ಪೊಳ್ಳುದಂಟಿನದರಲ್ಲಿ ೫ರಿಂದ ೭ ಮಾತ್ರ. ಬಳಗದಲ್ಲಿ ಇಷ್ಟು ನಂಬತಕ್ಕ ಗುರುತು ಮತ್ತೊಂದಿಲ್ಲ. ನ್ಯೂಫೌಂಡ್‌ಲೆಂಡಿನಿಂದ ಬ್ರಿಟಿಷ್ ಕೊಲಂಬಿಯದವರೆಗೆ ಹಬ್ಬಿರುವ ಈ ಗಿಡವೇ ಉತ್ತರದ ಜೌಗು ನೆಲಗಳಲ್ಲಿ ಹೆಚ್ಚಾಗಿ ಸಿಕ್ಕುವುದು. ಸುಣ್ಣದ ಅಂಶವುಳ್ಳ ಒದ್ದೆ ನೆಲವು ಇದಕ್ಕೆ ಬಹಳ ಹಿತ.

ಮೂರನೆಯದರ ದಂಟು ಹಸುರು. ಗೆಣ್ಣುಗಳಲ್ಲಿ ಮಾತ್ರ ಕಪ್ಪುನೇರಿಳೆಯ ಬಳೆ ತೊಡಿಸಿದಂತಿರುತ್ತದೆ. ಎಲೆಯನ್ನು ಹೊಸಕಿದರೆ ವೆನಿಲ್ಲದ ಪರಿಮಳ ಬರುವುದು. ಇದು ಅಷ್ಟಾಗಿ ನೀರನ್ನು ಬಯಸದೆ ಕಾಡಿನಂಚಿನ ನೆರಳಿನಲ್ಲಿ ಬೆಳೆಯುವುದರಿಂದ ಜೌಗಿನ ನಡುವೆ ಇದನ್ನು ಹುಡುಕುವುದು ವ್ಯರ್ಥ. ಅಟ್ಲಾಂಟಿಕ್ ಕರಾವಳಿಯ ಮರಳು ಬೆರೆತ ಹುಳಿನೆಲಗಳಲ್ಲಿ ಮಾತ್ರ ಬೆಳೆಯುವ ನಾಲ್ಕನೆಯ ಜಾತಿಯೊಂದಿದೆ. ಅದು ಚುಕ್ಕೆಯ ಜಾತಿಯನ್ನೇ ಹೋಲುವುದಾದರೂ ಗಿಡ ಕುಳ್ಳು. ಎಲೆಯ ಬುಡದಿಂದಲೇ ಮೂರು ದಪ್ಪ ನರಗಳು ಹೊರಡುವುದರಿಂದ ಅದನ್ನು ತಿಳಿಯಬಹುದು. ಇವು ಒಂದರೊಡನೊಂದು ಬೆರೆತು ಮಿಶ್ರಜಾತಿಗಳೂ ಆಗುವುದರಿಂದ ಯಾವ ಗುಂಪಿಗೂ ಸೇರದ ಗಿಡಗಳು ಆಗಾಗ್ಗೆ ಸಿಕ್ಕುವುದು ಆಶ್ಚರ್ಯವಲ್ಲ. ಹುಲ್ಲುಗಾವಲಿನ ಒಡೆಯನಿಗೆ ಇದರಿಂದ ನಷ್ಟವೇನೂ ಇಲ್ಲ.

ಇವುಗಳ ನಡುವೆ ಬೆಳೆಯುವ ಐರನ್‌ವೀಡ್ ಎಂಬ ಗಿಡಕ್ಕೂ ನೇರಿಳೆಯ ಗೊಂಚಲಿರುತ್ತದೆ. ಅದೂ ಇದೇ ಕುಟುಂಬದ್ದು. ಎಲೆಗಳು ಗೆಣ್ಣಿಗೆ ಒಂದೊಂದೇ ಇರುವುದರಿಂದ ಅದನ್ನು ಕೂಡಲೇ ಬೇರ್ಪಡಿಸಬಹುದು. ಜೌಗಿನ ಹಾಲುಗಿಡವು ಬೇರೆ ಕುಟುಂಬದ್ದು. ಎಲೆಯನ್ನು ಮುರಿದರೆ ಎಕ್ಕದಲ್ಲಿರುವಂತೆ ಬಿಳಿಯ ಹಾಲು ಸುರಿಯುವುದು.

ಇನ್ನು ಬಿಳಿಯ ಹೂವಿನವುಗಳ ವಿಚಾರ. ಎರಡು ಗಿಡಗಳ ಭೇದವನ್ನು ತಿಳಿಯದಿದ್ದರೆ ಪ್ರಾಣಹಾನಿಯಾಗುವ ಸಂದರ್ಭವು ಇಲ್ಲಿಯೇ ಇರುವುದು. ಎರಡರಲ್ಲಿಯೂ ಎಲೆಗಳು ಎದುರುಬದುರು. ಎರಡರಲ್ಲಿಯೂ ಗೊಂಚಲು ಬಿಳುಪು. ಎರಡೂ ಎರಡರಿಂದ ನಾಲ್ಕೈದು ಅಡಿ ಎತ್ತರ ಬೆಳೆಯುತ್ತವೆ. ಹೂಬಿಡುವ ಕಾಲವೂ ಬಹುಮಟ್ಟಿಗೆ ಒಂದೇ.

ಮೊದಲನೆಯದಕ್ಕೆ ಬೋನ್‌ಸೆಟ್ ಎಂದು ಹೆಸರು. ಎಲುಬನ್ನು ಕೂಡಿಸುವುದೆಂದು ಇದರ ಅರ್ಥವಾದರೂ ಮುರಿದ ಎಲುಬಿಗೂ ಇದಕ್ಕೂ ಸಂಬಂಧವಿಲ್ಲ. ಈಗ ಡೆಂಗೀ ಎನ್ನುವ ಜ್ವರಕ್ಕೆ ಹಿಂದೆ ಎಲುಬು ಮುರಿಯುವ ಜ್ವರವೆಂದು ಹೆಸರಿತ್ತು. ಅಂತಹ ಜ್ವರಗಳಲ್ಲಿ ಬೆವರಿಳಿಸುವುದಕ್ಕಾಗಿ ಇದರ ಎಲೆಯ ಕಹಿಯಾದ ಕಷಾಯವನ್ನು ಕುಡಿಸುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ೧೯ನೆಯ ಶತಮಾನದಲ್ಲಿ ಅಮೆರಿಕದ ಹಳ್ಳಿಗಳ ಅನೇಕ ಮನೆಗಳಲ್ಲಿ ಇದರ ಒಣಗಿದ ಕಟ್ಟು ಅಟ್ಟದಲ್ಲಿ ತೂಗಾಡುತ್ತಿತ್ತು. ಈಚಿನ ಪರೀಕ್ಷೆಗಳಲ್ಲಿ ಇದರಲ್ಲಿಯೂ ಯಕೃತ್ತಿಗೆ ಕೇಡುಮಾಡುವ ಕ್ಷಾರಪದಾರ್ಥಗಳು ಕಂಡುಬಂದಿರುವುದರಿಂದ ಹಳೆಯ ಕಷಾಯವನ್ನು ಈಗ ಯಾರೂ ಸೇವಿಸದಿರುವುದು ಲೇಸು. ಇದರ ಗುರುತು ಮಾತ್ರ ಬಹು ಸ್ಪಷ್ಟ. ಎದುರುಬದುರಾದ ಎರಡೆಲೆಗಳು ತೊಟ್ಟಿಲ್ಲದೆ ಬುಡದಲ್ಲಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಉದ್ದನೆಯ ಒಂದೇ ಎಲೆಗೆ ನಡುವೆ ತೂತುಮಾಡಿ ದಂಟನ್ನು ಅದರೊಳಗೆ ತೂರಿಸಿದಂತೆ ಕಾಣುವುದು. ಎಲೆ ಸುಕ್ಕುಸುಕ್ಕಾಗಿಯೂ, ದಂಟು ರೋಮಮಯವಾಗಿಯೂ ಇರುತ್ತವೆ. ಇದು ನೀರಿನಂಚನ್ನು ಬಿಟ್ಟು ದೂರ ಹೋಗುವುದು ಅಪೂರ್ವ.

ಎರಡನೆಯದು ಬಿಳಿಯ ಸ್ನೇಕ್‌ರೂಟ್, ಎಂದರೆ ಸರ್ಪದ ಬೇರು. ಇದರ ಪ್ರತಿಯೊಂದು ಎಲೆಗೂ ಒಂದೆರಡು ಅಂಗುಲ ಉದ್ದದ ಪ್ರತ್ಯೇಕವಾದ ತೊಟ್ಟಿರುವುದು. ಎಲೆಯು ಬುಡದಲ್ಲಿ ಅಗಲವಾಗಿದ್ದು ತುದಿಗೆ ಚೂಪಾಗುವುದು; ಅಂಚಿನ ಹಲ್ಲುಗಳು ದಪ್ಪವಾಗಿಯೂ ಹರಿತವಾಗಿಯೂ ಇರುವುವು. ದಂಟು ಸಾಧಾರಣವಾಗಿ ನುಣುಪು. ಹೂವಿನ ಬಿಳುಪು ಬೋನ್‌ಸೆಟ್ಟಿನ ಮಾಸಲು ಬಿಳುಪಿಗಿಂತ ಹೆಚ್ಚು ಶುಭ್ರ. ಈ ಗಿಡವು ಜೌಗಿನ ಮಧ್ಯದಲ್ಲಿ ನಿಲ್ಲುವುದಿಲ್ಲ. ಜೌಗಿನ ಪಕ್ಕದ ಮರಗಳ ನೆರಳಿನಲ್ಲಿ, ಹೊಳೆಯ ಬದಿಯ ತೇವವುಳ್ಳ ಫಲವತ್ತಾದ ಕಾಡುಮಣ್ಣಿನಲ್ಲಿ ಗುಂಪುಗುಂಪಾಗಿ ಬೆಳೆಯುವುದು. ಹುಲ್ಲುಗಾವಲಿನ ತಂತಿಬೇಲಿ ಎಲ್ಲಿ ಕಾಡನ್ನು ಮುಟ್ಟುವುದೋ ಅಲ್ಲಿ ಎರಡು ಗಿಡಗಳೂ ಕೆಲವೇ ಮಾರುಗಳ ಅಂತರದಲ್ಲಿ ನಿಂತಿರಬಹುದು.

೧೯ನೆಯ ಶತಮಾನದ ಆದಿಯಲ್ಲಿ ಒಹಾಯೋ, ಇಂಡಿಯಾನ, ಇಲಿನಾಯ್, ಕೆಂಟಕಿ ಪ್ರಾಂತಗಳಿಗೆ ಪೂರ್ವದಿಂದ ಬಂದು ಕಾಡು ಕಡಿದು ನೆಲೆಸಿದ ರೈತರಿಗೆ ಈ ಗಿಡದ ಪರಿಚಯವಿರಲಿಲ್ಲ. ಅವರ ದನಗಳು ಬೇಲಿಯಿಲ್ಲದ ಕಾಡಿನಲ್ಲಿಯೇ ಮೇಯುತ್ತಿದ್ದವು. ಬೇಸಗೆಯ ಕೊನೆಗೆ ಹುಲ್ಲು ಒಣಗಿದಾಗ ಅವು ನೆರಳಿನಲ್ಲಿ ಇನ್ನೂ ಹಸುರಾಗಿರುತ್ತಿದ್ದ ಸ್ನೇಕ್‌ರೂಟಿಗೆ ಬಾಯಿಹಾಕುತ್ತಿದ್ದವು. ಕೆಲವು ದಿನಗಳಲ್ಲಿ ಅವುಗಳ ಕಾಲುಗಳು ನಡುಗತೊಡಗಿ, ಓಡಿಸಿದರೆ ನಡುಕ ಹೆಚ್ಚಾಗಿ, ಕೊನೆಗೆ ನೆಲಕ್ಕೆ ಬಿದ್ದು ಏಳದೆ ಸಾಯುತ್ತಿದ್ದವು. ಇದಕ್ಕೆ ಜನರು ನಡುಕರೋಗವೆಂದರು. ಅದೇ ಕಾಲದಲ್ಲಿ ಆ ಮನೆಗಳ ಜನರಿಗೂ ನಿಶ್ಶಕ್ತಿ, ಬಿಡದ ವಾಂತಿ, ಮಲಬದ್ಧತೆ, ಉಸಿರಿನಲ್ಲಿ ಒಂದು ವಿಧವಾದ ದುರ್ವಾಸನೆ ಇವು ತಲೆದೋರಿ ಅನೇಕರು ಪ್ರಜ್ಞೆ ತಪ್ಪಿ ಮರಣಹೊಂದುತ್ತಿದ್ದರು. ಇದಕ್ಕೆ ಹಾಲಿನ ರೋಗವೆಂದು ಹೆಸರಾಯಿತು. ಇದರ ಭಯದಿಂದ ಮನೆಮಾರುಗಳನ್ನು ಬಿಟ್ಟು ಹೋದ ಊರುಗಳೂ ಉಂಟು. ೧೮೧೮ನೆಯ ಇಸವಿ ಅಕ್ಟೋಬರ್ ೫ರಂದು ಇಂಡಿಯಾನದ ಲಿಟಲ್ ಪಿಜನ್ ಕ್ರೀಕ್ ಎಂಬ ಹೊಸ ಹಳ್ಳಿಯಲ್ಲಿ ನ್ಯಾನ್ಸಿ ಹ್ಯಾಂಕ್ಸ್ ಲಿಂಕನ್ ಎಂಬ ಹೆಂಗಸು ಈ ರೋಗದಿಂದಲೇ ತೀರಿಕೊಂಡಳೆಂದು ಹೇಳುತ್ತಾರೆ. ಅವಳಿಗಿಂತ ಸ್ವಲ್ಪ ದಿನ ಮುಂಚೆ ಅದೇ ಹಳ್ಳಿಯಲ್ಲಿದ್ದ ಅವಳ ಬಂಧುಗಳಾದ ದಂಪತಿಗಳೂ ಹಾಗೆಯೇ ಸತ್ತಿದ್ದರು. ಆಗ ಒಂಬತ್ತು ವರ್ಷದವನಾಗಿದ್ದ ಅವಳ ಮಗನೇ ಮುಂದೆ ಅಮೆರಿಕದ ಅಧ್ಯಕ್ಷನಾದ ಅಬ್ರಹಾಂ ಲಿಂಕನ್.

ಕಾರಣವನ್ನು ಕಂಡುಕೊಳ್ಳಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತೆಂಬುದು ವಿಸ್ಮಯಕರ. ನೆಲದೊಳಗಿನ ಖನಿಜವೆಂದು ಕೆಲವರೂ, ರಾತ್ರಿಯ ಇಬ್ಬನಿಯೆಂದು ಕೆಲವರೂ, ಕೆಟ್ಟ ಗಾಳಿಯೆಂದು ಕೆಲವರೂ ವಾದಿಸಿದರು. ಇಲಿನಾಯ್ ಪ್ರಾಂತದ ಸೂಲಗಿತ್ತಿಯೂ ವೈದ್ಯಳೂ ಆದ ಆನಾ ಬಿಕ್ಸ್‌ಬಿ ಎಂಬಾಕೆಗೆ ಶಾನೀ ಜನಾಂಗದ ಒಬ್ಬ ಮುದುಕಿಯು ಈ ಗಿಡವನ್ನು ತೋರಿಸಿಕೊಟ್ಟಳೆಂದೂ, ಆಕೆಯು ಅದನ್ನು ಕರುವಿಗೆ ತಿನ್ನಿಸಿ ನೋಡಿ ಸುತ್ತಣ ಹಳ್ಳಿಗಳವರಿಂದ ಗಿಡಗಳನ್ನು ಕೀಳಿಸಿದಳೆಂದೂ ಆ ಕಡೆಯಲ್ಲಿ ಪ್ರಸಿದ್ಧವಾದ ಐತಿಹ್ಯವಿದೆ. ೧೮೩೦ರ ದಶಕದ ಕೊನೆಯಲ್ಲಿ ಒಹಾಯೋದ ಜಾನ್ ರೋ ಎಂಬ ರೈತನು ತನ್ನ ದನಗಳಿಂದ ಪರೀಕ್ಷೆ ಮಾಡಿ ಇದೇ ಗಿಡವನ್ನು ಬೆರಳಿಟ್ಟು ತೋರಿಸಿದನು. ಪಂಡಿತರು ಅವನ ಮಾತಿಗೆ ಕಿವಿಗೊಡಲಿಲ್ಲ. ಇದಕ್ಕೆ ಎರಡು ಕಾರಣಗಳನ್ನು ಊಹಿಸಬಹುದು. ಗಿಡದಲ್ಲಿರುವ ವಿಷದ ಪ್ರಮಾಣವು ಎಲ್ಲ ಸ್ಥಳಗಳಲ್ಲಿಯೂ ಒಂದೇ ಸಮನಾಗಿಲ್ಲವಾದುದರಿಂದ ಒಬ್ಬನು ತಿನ್ನಿಸಿದಾಗ ಸತ್ತ ಕರುವು ಮತ್ತೊಬ್ಬನು ತಿನ್ನಿಸಿದಾಗ ಬದುಕಿಕೊಳ್ಳುತ್ತಿತ್ತು. ಇದಲ್ಲದೆ ಸ್ನೇಕ್‌ರೂಟ್ ಎಂಬ ಹೆಸರನ್ನು ಊರಿಗೊಂದರಂತೆ ಬೇರೆ ಬೇರೆ ಗಿಡಗಳಿಗೆ ಹೇಳುತ್ತಿದ್ದರು. ಹೆಸರು ಕೇಳಿದವನಿಗೆ ಯಾವ ಗಿಡವೆಂಬುದು ತಿಳಿಯುತ್ತಿರಲಿಲ್ಲ.

ಕೊನೆಗೆ ೧೯೨೦ರ ದಶಕದಲ್ಲಿ ಅಮೆರಿಕ ಸರ್ಕಾರದ ವ್ಯವಸಾಯ ಇಲಾಖೆಯ ರಸಾಯನಶಾಸ್ತ್ರಜ್ಞ ಜೇಮ್ಸ್ ಕೌಚ್ ಈ ಗಿಡದಿಂದ ಎಣ್ಣೆಯಂತಹ ಒಂದು ಪದಾರ್ಥವನ್ನು ಬೇರ್ಪಡಿಸಿ, ನಡುಕವನ್ನುಂಟುಮಾಡುವುದರಿಂದ ಅದಕ್ಕೆ ಟ್ರೆಮೆಟಾಲ್ ಎಂದು ಹೆಸರಿಟ್ಟನು. ಅದು ಒಂದೇ ಪದಾರ್ಥವಲ್ಲ, ಹಲವು ಪದಾರ್ಥಗಳ ಮಿಶ್ರಣವೆಂದು ಮುಂದೆ ಗೊತ್ತಾಯಿತು. ಈ ವಿಷವು ಕೊಬ್ಬಿನಲ್ಲಿ ಕರಗುವುದರಿಂದ ಹಾಲಿಗೂ ಬೆಣ್ಣೆಗೂ ಇಳಿಯುವುದು. ಕರೆಯುವ ಹಸುವು ವಿಷವನ್ನು ಹಾಲಿನ ಮೂಲಕ ಹೊರಹಾಕುತ್ತಲೇ ಇರುವುದರಿಂದ ತಾನು ಬೇಗನೆ ನಡುಗುವುದಿಲ್ಲ. ಅದರ ಹಾಲನ್ನು ಕುಡಿದ ಕರುವಿಗೂ ಮನೆಯವರಿಗೂ ಮೊದಲು ರೋಗ ತಗಲುವುದು. ಹಸು ಆರೋಗ್ಯವಾಗಿಯೇ ಇದೆಯಲ್ಲಾ ಎಂದು ಆ ಕಾಲದ ಗೃಹಿಣಿಯು ನಿಶ್ಚಿಂತಳಾಗಿ ರೋಗಿಗೆ ಇನ್ನಷ್ಟು ಹಾಲನ್ನೇ ಕುಡಿಸುತ್ತಿದ್ದಳೆಂದರೆ ಅದರಲ್ಲಿ ಅವಳ ತಪ್ಪೇನು? ಹಾಲನ್ನು ಕಾಯಿಸುವುದರಿಂದಲೂ ಈ ವಿಷವು ನಾಶವಾಗುವುದಿಲ್ಲ. ಈಗ ಅನೇಕ ಮಂದೆಗಳ ಹಾಲನ್ನು ಒಟ್ಟುಗೂಡಿಸಿ ಮಾರುವುದರಿಂದಲೂ, ದನಗಳನ್ನು ಬೇಲಿಯೊಳಗೆ ಮೇಯಿಸುವುದರಿಂದಲೂ ಮನುಷ್ಯರಲ್ಲಿ ಈ ರೋಗವು ಬಹಳ ಅಪರೂಪವಾಗಿದೆ. ಆದರೆ ದನ, ಕುದುರೆ, ಆಡುಗಳು ಇಂದಿಗೂ ಇದಕ್ಕೆ ತುತ್ತಾಗುವುದುಂಟು. ಕುದುರೆಯಲ್ಲಿ ಈ ವಿಷವು ಹೃದಯದ ಮಾಂಸವನ್ನೇ ಕೆಡಿಸುವುದು. ಒಣಗಿದ ಗಿಡದಲ್ಲಿ ವಿಷವು ಕಡಿಮೆಯಾದರೂ ಪೂರ್ತಿಯಾಗಿ ಹೋಗುವುದಿಲ್ಲವಾದ ಕಾರಣ ಕಾಡಂಚಿನಲ್ಲಿ ಕೊಯ್ದ ಹುಲ್ಲನ್ನು ಬಣವೆಗೆ ಹಾಕುವ ಮೊದಲು ಪರೀಕ್ಷಿಸಬೇಕಾಗುವುದು.

ಅದೇ ಜೌಗುಗಳ ಹಳದಿ ಹೂವಿನ ಎರಡು ಗಿಡಗಳಲ್ಲಿಯೂ ಇಂತಹುದೇ ಒಂದು ಜೋಡಿಯುಂಟು. ಹೆಲೇನಿಯಂ ಎಂಬುದರ ದಂಟಿನುದ್ದಕ್ಕೂ ತೆಳುವಾದ ರೆಕ್ಕೆಗಳಿದ್ದು, ಹೂವಿನ ಎಸಳಿನ ತುದಿ ಮೂರಾಗಿ ಸೀಳಿರುವುದು; ಎಲೆ ಗೆಣ್ಣಿಗೆ ಒಂದೊಂದೇ. ಇದು ದನಕುರಿಗಳಿಗೆ ವಿಷ, ಹಾಲೂ ಕಹಿಯಾಗುವುದು. ಬಾಗುತಲೆಯ ಬೈಡೆನ್ಸ್ ಎಂಬುದಕ್ಕೆ ಎದುರುಬದುರು ಎಲೆಗಳು, ಸೀಳದ ಎಸಳುಗಳು, ಬಟ್ಟೆಗೆ ಅಂಟುವ ಮುಳ್ಳಿನ ಬೀಜಗಳು. ಬಾತುಗಳು ಈ ಬೀಜಗಳನ್ನು ತಿನ್ನುತ್ತವೆ.

ಭಾರತದಲ್ಲಿ ಬಿಳಿಯ ಸ್ನೇಕ್‌ರೂಟ್ ಕಾಡುಗಿಡವಾಗಿ ಬೆಳೆಯುವುದಿಲ್ಲ. ಅದರ ಬಂಧುಗಳು ಬೆಳೆಯುತ್ತವೆ. ೧೯೭೦ರಲ್ಲಿ ಕಿಂಗ್ ಮತ್ತು ರಾಬಿನ್‌ಸನ್ ಎಂಬ ಅಮೆರಿಕದ ಸಸ್ಯಶಾಸ್ತ್ರಜ್ಞರು ಹಳೆಯ ಯುಪಟೋರಿಯಂ ಬಳಗವನ್ನು ವಿಭಾಗಿಸಿದಾಗ ಸ್ನೇಕ್‌ರೂಟನ್ನು ಅಜೆರಟೈನಾ ಎಂಬ ಗುಂಪಿಗೆ ಸೇರಿಸಿದರು. ನೀಲಗಿರಿಯ ತಂಪಾದ ಹಳ್ಳದ ದಂಡೆಗಳಲ್ಲಿ ಹಬ್ಬಿರುವ ಮೆಕ್ಸಿಕೋ ಮೂಲದ ಕಳೆಯೂ ಅದೇ ಗುಂಪಿನದು. ಇದರ ದಂಟು ನೇರಿಳೆಗೆಂಪಾಗಿದ್ದು ಮೇಲೆ ಜಿಗುಟಾದ ರೋಮಗಳಿರುತ್ತವೆ. ತೊಟ್ಟುಳ್ಳ ಎಲೆಗಳು ಎದುರುಬದುರಾಗಿದ್ದು ಗಾರೆ ಕೆಲಸದವರ ಕರಣೆಯ ಆಕಾರದಲ್ಲಿರುತ್ತವೆ. ಇದನ್ನು ಬಹುಕಾಲ ತಿಂದ ಕುದುರೆಗಳಿಗೆ ಶ್ವಾಸಕೋಶ ಕೆಟ್ಟು ಉಬ್ಬಸ ಬಂದು ಸಾಯುವುದು ಆಸ್ಟ್ರೇಲಿಯದಲ್ಲಿ ಕಂಡುಬಂದಿದೆ. ಕಮ್ಯುನಿಸ್ಟ್ ಕಳೆಯನ್ನು ಅದೇ ವರ್ಷ ಕ್ರೋಮೋಲೀನಾ ಎಂಬ ಬೇರೆ ಗುಂಪಿಗೆ ಸೇರಿಸಲಾಯಿತು. ಅದರ ಎಲೆಯ ಬುಡದಿಂದ ಮೂರು ನರಗಳು ತ್ರಿಶೂಲದಂತೆ ಹೊರಡುವುದು, ಹೊಸಕಿದಾಗ ತೀಕ್ಷ್ಣವಾದ ವಾಸನೆ ಬರುವುದು, ಹೂವಿನ ತಲೆಯು ಉದ್ದವಾದ ಕೊಳವೆಯಂತಿರುವುದು ಇವು ಗುರುತುಗಳು. ಹಳೆಯ ಪುಸ್ತಕಗಳಲ್ಲಿ ಎರಡಕ್ಕೂ ಯುಪಟೋರಿಯಂ ಎಂದೇ ಇರುವುದರಿಂದ, ಒಂದನ್ನು ಕುರಿತು ಹೇಳಿದ ಚಿಕಿತ್ಸೆಯನ್ನಾಗಲಿ ಎಚ್ಚರಿಕೆಯನ್ನಾಗಲಿ ಇನ್ನೊಂದಕ್ಕೆ ಅನ್ವಯಿಸುವ ಮೊದಲು ಗಿಡವಾವುದೆಂದು ನಿರ್ಧರಿಸಿಕೊಳ್ಳತಕ್ಕದ್ದು.

ಸಂದೇಹವಿರುವ ಗಿಡವನ್ನು ತಜ್ಞರಿಗೆ ತೋರಿಸುವವರು ಹೂಗೊಂಚಲನ್ನು ಮಾತ್ರ ಕಿತ್ತುಕೊಂಡು ಹೋಗುವುದು ರೂಢಿಯಾಗಿದೆ. ಅದರ ಬದಲು ದಂಟಿನ ನಡುಭಾಗದಿಂದ ಎರಡು ಗೆಣ್ಣುಗಳು ಬರುವಂತೆ ಒಂದು ಗೇಣಿನಷ್ಟನ್ನು ಎಲೆಗಳ ಸಹಿತವಾಗಿ ಕತ್ತರಿಸಿ, ಹೂವಿನ ಒಂದು ಕವಲನ್ನೂ ಸೇರಿಸಿ, ಹಳೆಯ ವೃತ್ತಪತ್ರಿಕೆಯ ಮಡಿಕೆಯಲ್ಲಿ ಹರಡಿ ಭಾರವಿಟ್ಟು ಒಣಗಿಸಬೇಕು. ದಂಟು ಪೊಳ್ಳೋ ಗಟ್ಟಿಯೋ, ಹಸಿಯಾಗಿದ್ದಾಗ ಅದರ ಬಣ್ಣವೇನು, ನೀರಿನಿಂದ ಎಷ್ಟು ದೂರದಲ್ಲಿತ್ತು, ದನಗಳು ಅದನ್ನು ಮೇದಿದ್ದ ಗುರುತುಗಳಿದ್ದವೋ ಎಂಬುದನ್ನು ಕಿತ್ತ ದಿನವೇ ಒಂದು ಚೀಟಿಯಲ್ಲಿ ಬರೆದು ಜೊತೆಗಿಡತಕ್ಕದ್ದು. ಒಣಗಿದ ಮೇಲೆ ಬಣ್ಣವೂ ವಾಸನೆಯೂ ಉಳಿಯುವುದಿಲ್ಲ.